ಗುರುವಿಲ್ಲದೆ ಕಲಿತ ಗ್ರೀಕ್

ಮಧ್ಯಯುಗದ ಪಶ್ಚಿಮ ಯುರೋಪಿನಲ್ಲಿ ಪ್ರಾಚೀನ ಗ್ರೀಕ್ ಬಲ್ಲವರು ವಿರಳರಾಗಿದ್ದರು. ಕಲಿಯುವ ಹಂಬಲವಿದ್ದವರಿಗೂ ಗುರುವಾಗಲಿ, ಲ್ಯಾಟಿನ್‌ನಲ್ಲಿ ವಿವರಿಸುವ ವ್ಯಾಕರಣವಾಗಲಿ ಸುಲಭವಾಗಿ ದೊರೆಯುತ್ತಿರಲಿಲ್ಲ. ಇಟಲಿಯ ಕವಿ ಪೆಟ್ರಾರ್ಕನಿಗೆ 1354ರ ಸುಮಾರಿಗೆ ಹೋಮರನ ಹಸ್ತಪ್ರತಿಯೊಂದು ಕೈಸೇರಿದಾಗ, ಹಿಂದೆ ಬಾರ್ಲಾಮ್ ಎಂಬ ಸಂನ್ಯಾಸಿಯಿಂದ ಪಡೆದಿದ್ದ ಅಲ್ಪಸ್ವಲ್ಪ ಪಾಠ ಅದನ್ನು ಓದಲು ಸಾಲಲಿಲ್ಲ. ಪಕ್ಕದಲ್ಲಿಟ್ಟು ಹೋಲಿಸಿ ನೋಡಲು ಹೋಮರನ ಪೂರ್ಣ ಲ್ಯಾಟಿನ್ ಅನುವಾದವೂ ಅವನಲ್ಲಿರಲಿಲ್ಲ ಎಂಬುದು ಗಮನಾರ್ಹ.

1397ರಲ್ಲಿ ಫ್ಲಾರೆನ್ಸಿಗೆ ಬಂದು ಪಾಠ ಹೇಳಿದ ಬೈಜಾಂಟಿಯಮ್ಮಿನ ವಿದ್ವಾಂಸ ಮ್ಯಾನುಯೆಲ್ ಕ್ರಿಸೊಲೊರಾಸನು ಪ್ರಶ್ನೋತ್ತರ ರೂಪದ ವ್ಯಾಕರಣವೊಂದನ್ನು ರಚಿಸಿ, ಪೂರ್ವಿಕರು 56 ಬಗೆಯಾಗಿ ವಿಂಗಡಿಸಿದ್ದ ನಾಮಪದ ರೂಪಾವಳಿಗಳನ್ನು ಹತ್ತಕ್ಕೆ ಇಳಿಸಿದನು. ಆದರೆ ಅದೇ ನಗರದ ಮಠವೊಂದರಲ್ಲಿದ್ದ ಅಂಬ್ರೋಜಿಯೊ ತ್ರಾವೆರ್ಸಾರಿ ಹಿಡಿದ ದಾರಿ ಬೇರೆ. ಮಠದಲ್ಲಿ ದಿನವೂ ಹಾಡಿ ಬಾಯಿಪಾಠವಾಗಿದ್ದ ಲ್ಯಾಟಿನ್ ಕೀರ್ತನೆಗಳಿಗೆ ಗ್ರೀಕ್ ಕೀರ್ತನೆಗಳನ್ನು ಹೊಂದಿಸಿ, ನಾಮಪದ, ಕ್ರಿಯಾಪದಗಳನ್ನು ಒಂದೊಂದಾಗಿ ಗುರುತುಮಾಡಿಕೊಂಡು, ಅನಂತರ ಸುವಾರ್ತೆಗಳಿಗೂ ಪೌಲನ ಪತ್ರಿಕೆಗಳಿಗೂ ಮುಂದುವರಿದುದಾಗಿ ಅವನೇ ಬರೆದಿದ್ದಾನೆ.

ಮುದ್ರಣ ಬಂದ ಮೇಲೂ ಒಡನೆಯೇ ಸ್ಥಿತಿ ಸುಧಾರಿಸಲಿಲ್ಲ. 1476ರಲ್ಲಿ ಮಿಲಾನಿನಲ್ಲಿ ಅಚ್ಚಾದ ಕಾನ್‌ಸ್ಟಾಂಟಿನ್ ಲಾಸ್ಕಾರಿಸನ ವ್ಯಾಕರಣ ಆದ್ಯಂತ ಗ್ರೀಕ್‌ನಲ್ಲೇ ಇತ್ತು. ಭಾಷೆ ಬಾರದವನಿಗೆ ಭಾಷೆಯನ್ನು ಅದೇ ಭಾಷೆಯಲ್ಲಿ ವಿವರಿಸುವ ಪುಸ್ತಕ ಗುರುವಿನ ಕೈಯಲ್ಲಿ ಮಾತ್ರ ಉಪಯುಕ್ತವಾಗಬಲ್ಲದು. ವೆನಿಸಿನ ಮುದ್ರಕ ಆಲ್ಡಸ್ ಮನುಶಿಯಸ್ 1495ರಲ್ಲಿ ಅದೇ ಕೃತಿಯನ್ನು ಲ್ಯಾಟಿನ್ ಅನುವಾದದೊಡನೆ ಪ್ರಕಟಿಸಿದಾಗ, ತ್ರಾವೆರ್ಸಾರಿ ತಾನೇ ಕಂಡುಕೊಂಡಿದ್ದ ಉಪಾಯ ಪುಸ್ತಕದೊಳಕ್ಕೇ ಬಂದಂತಾಯಿತು.

ಇಂಥ ಸ್ವಾಧ್ಯಾಯದ ಹೆಜ್ಜೆಗಳು ಅತ್ಯಂತ ಸ್ಪಷ್ಟವಾಗಿ ಕಾಣುವುದು ಸ್ಕಾಟ್ಲೆಂಡಿನಲ್ಲಿ ಕುರಿ ಕಾಯುತ್ತಿದ್ದ ಅನಾಥ ಹುಡುಗ ಜಾನ್ ಬ್ರೌನನ (1722–1787) ವಿಷಯದಲ್ಲಿ. ಕೆಲವೇ ತಿಂಗಳು ಶಾಲೆ ಕಂಡಿದ್ದರೂ ಲ್ಯಾಟಿನ್ ಕಲಿತಿದ್ದ ಅವನು, ಸುವಾರ್ತೆಯ ವಂಶಾವಳಿಯ ಹೆಸರುಗಳನ್ನು ಇಂಗ್ಲಿಷ್ ಬೈಬಲಿನ ಹೆಸರುಗಳೊಂದಿಗೆ ತಾಳೆನೋಡಿ ಗ್ರೀಕ್ ಅಕ್ಷರಗಳ ಉಚ್ಚಾರಣೆಯನ್ನು ಗೊತ್ತುಮಾಡಿಕೊಂಡನು. ಆ ಪಟ್ಟಿ ಅಕ್ಷರಮಾಲೆಗೆ ಮಾತ್ರವಲ್ಲ, ವ್ಯಾಕರಣಕ್ಕೂ ಒಳ್ಳೆಯ ಪ್ರವೇಶದ್ವಾರ. ಇಸಾಕ, ಯಾಕೋಬ ಮೊದಲಾದ ಹೀಬ್ರೂ ಹೆಸರುಗಳು ಗ್ರೀಕ್‌ನಲ್ಲಿ ವಿಭಕ್ತಿಪ್ರತ್ಯಯ ಪಡೆಯದೆ ಇದ್ದ ಹಾಗೆಯೇ ಉಳಿಯುವುದರಿಂದ, ವಿಭಕ್ತಿಯ ಹೊಣೆ ಹೆಸರಿಗೆ ಮೊದಲು ಬರುವ ನಿರ್ದೇಶಕ ಪದದ ಮೇಲೆ ಬೀಳುತ್ತದೆ: ಮತ್ತಾಯನ ಸುವಾರ್ತೆಯ ‘ಇಂಥವನು ಇಂಥವನನ್ನು ಪಡೆದನು’ ಎಂಬ ವಾಕ್ಯಗಳಲ್ಲಿ ಇಸಾಕನು ಮಗನಾಗಿ, ಅಂದರೆ ಕರ್ಮವಾಗಿ, ಬಂದಾಗ ಹೆಸರಿಗೆ ಮೊದಲು ದ್ವಿತೀಯೆಯ ‘ತೊನ್’ ಇರುತ್ತದೆ, ತಂದೆಯಾಗಿ ಬಂದಾಗ ಇರುವುದಿಲ್ಲ, ಲೂಕನ ಸುವಾರ್ತೆಯಲ್ಲಿ ಬಹುತೇಕ ಪ್ರತಿ ಪೂರ್ವಿಕನ ಹೆಸರಿಗೂ ಷಷ್ಠಿಯ ‘ತೂ’ ಅಂಟಿಕೊಂಡಿದೆ. ಹೀಗೆ ಹತ್ತಾರು ಸಲ ಮರುಕಳಿಸುವ ರೂಪವನ್ನು ಸೂತ್ರವಿಲ್ಲದೆಯೂ ಗುರುತಿಸಬಹುದು. ಚಿಕ್ಕ ಪದಗಳ ಅರ್ಥವನ್ನು ಬ್ರೌನನು ಅನುವಾದದಿಂದಲೂ, ಪದಾಂತ್ಯಗಳ ಪ್ರಯೋಜನವನ್ನು ಲ್ಯಾಟಿನ್ ರೂಪಗಳ ಹೋಲಿಕೆಯಿಂದಲೂ ಊಹಿಸಿ ತಿಳಿದನು.

ಕುರಿಗಾಹಿಯೊಬ್ಬನಿಗೆ ಇಂಥ ವಿದ್ಯೆ ಸೈತಾನನಿಂದಲ್ಲದೆ ಬರಲಾರದೆಂದು ಕೆಲವರು ಆರೋಪಿಸಿದರು. ಅದು ವರ್ಷಗಟ್ಟಲೆ ಅವನನ್ನು ಕಾಡಿತು. ಅದಕ್ಕೆ ಉತ್ತರವಾಗಿ 1745ರಲ್ಲಿ ಬರೆದ ಪತ್ರದಲ್ಲಿ ತಾನು ಕಲಿತ ಬಗೆಯನ್ನು ಅವನು ಹಂತಹಂತವಾಗಿ ಬಿಡಿಸಿ ಹೇಳಬೇಕಾಯಿತು. ಸಾಮಾನ್ಯವಾಗಿ ಸ್ವಂತವಾಗಿ ಕಲಿತವರು ಕಲಿತದ್ದನ್ನು ಬರೆದಿಡುತ್ತಾರೆಯೇ ಹೊರತು ಕಲಿತ ಕ್ರಮವನ್ನಲ್ಲ; ಬ್ರೌನನ ಕ್ರಮ ಉಳಿದುಬಂದದ್ದು ಆ ಆರೋಪದ ದೆಸೆಯಿಂದ. 1751ರಲ್ಲಿ ಅವನು ಹ್ಯಾಡಿಂಗ್ಟನ್ನಿನ ಸಭಾಪಾಲಕನಾದನು, ಮುಂದೆ ತನ್ನ ಪಂಥದ ದೇವತಾಶಾಸ್ತ್ರದ ಅಧ್ಯಾಪಕನೂ ಆದನು.