ವಾಸನೆ, ನಾರ್‌ಅಡ್ರಿನಾಲಿನ್ ಮತ್ತು ನವಜಾತ ಶಿಶುವಿನ ನಂಟು

ತಾಯಿ-ಮಗುವಿನ ನಂಟಿನ ಮಾತು ಬಂದರೆ ಆಕ್ಸಿಟೋಸಿನ್ ಹೆಸರು ಮೊದಲು ಕೇಳಿಬರುತ್ತದೆ. ‘ಪ್ರೀತಿಯ ಹಾರ್ಮೋನ್’ ಎಂಬ ಬಿರುದೂ ಅದಕ್ಕೆ ಅಂಟಿಕೊಂಡಿದೆ. ಆದರೆ ಅದರ ಕುರಿತ ಬಹುಪಾಲು ಸಾಕ್ಷ್ಯ ತಾಯಿಯ ಮಿದುಳಿನದು. ಮರಿ ತನ್ನವರನ್ನು ಕಲಿತುಕೊಳ್ಳುವ ಬಗೆ ತಿಳಿಯಬೇಕಾದರೆ ನಾರ್‌ಅಡ್ರಿನಾಲಿನ್ ಎಂಬ ಮಿದುಳಿನ ರಾಸಾಯನಿಕದಿಂದ ಶುರುಮಾಡಬೇಕು ಎಂಬುದು ನನ್ನ ವಾದ.

ಇಲಿಮರಿಗೆ ಹುಟ್ಟುವಾಗ ಕಣ್ಣು ಕಾಣದು, ಕಿವಿ ಕೇಳದು. ಕಣ್ಣು ಬಿಡಲು ಎರಡು ವಾರ ಬೇಕು. ತಾಯಿಯ ವಾಸನೆ ಸಿಗದಿದ್ದರೆ ಅದು ಮೊಲೆತೊಟ್ಟನ್ನೂ ಹಿಡಿಯದು. ಆ ವಾಸನೆಯೋ, ತಾಯಿ ತಿಂದ ಆಹಾರದೊಂದಿಗೆ ಬದಲಾಗುವಂಥದ್ದು. ಹಾಗಾಗಿ ಕಲಿತೇ ತೀರಬೇಕು. ತಾಯಿ ಮರಿಯನ್ನು ನೆಕ್ಕಿದಾಗ ಮಿದುಳುಕಾಂಡದ ಲೋಕಸ್ ಸೆರುಲಿಯಸ್ ಕೆರಳಿ ಘ್ರಾಣಕಂದಕ್ಕೆ ನಾರ್‌ಅಡ್ರಿನಾಲಿನ್ ಸುರಿಸುತ್ತದೆ. ವಯಸ್ಕ ಪ್ರಾಣಿಯಲ್ಲಿ ಈ ಸ್ರಾವವನ್ನು ಅದರ ಆಲ್ಫಾ-2 ಗ್ರಾಹಕಗಳೇ ಬೇಗ ತಡೆಯುತ್ತವೆ. ಮರಿಯಲ್ಲಿ ಆ ಕಡಿವಾಣ ಇನ್ನೂ ಬಲಿತಿರುವುದಿಲ್ಲ, ಸ್ರಾವ ಹೊತ್ತುಗಟ್ಟಲೆ ನಿಲ್ಲದು. ಬೀಟಾ ಗ್ರಾಹಕಗಳನ್ನು ಪ್ರೊಪ್ರನೊಲಾಲ್‌ನಿಂದ ಮುಚ್ಚಿದರೆ ಕಲಿಕೆ ನಡೆಯದು. ಅವನ್ನು ಔಷಧದಿಂದಲೇ ಪ್ರಚೋದಿಸಿ ಜೊತೆಗೊಂದು ಹೊಸ ವಾಸನೆ ಕೊಟ್ಟರೆ, ಯಾರೂ ಮುಟ್ಟದಿದ್ದರೂ ಮರಿ ಆ ವಾಸನೆಯತ್ತ ತೆವಳುತ್ತದೆ.

ರೆಜಿನಾ ಸಲಿವನ್ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶ ಇದಕ್ಕಿಂತ ಕಸಿವಿಸಿ ಹುಟ್ಟಿಸುವಂಥದ್ದು. ವಾಸನೆಯ ಜೊತೆ ಸಣ್ಣ ವಿದ್ಯುತ್ ಆಘಾತ ಕೊಟ್ಟರೂ ಎಳೆಮರಿ ಆ ವಾಸನೆಯನ್ನೇ ಅರಸಿತು. ನೋವಾಗಲಿಲ್ಲವೆಂದಲ್ಲ, ಮರಿ ಬೆಚ್ಚುತ್ತದೆ. ಭಯವನ್ನು ಕಲಿಸಬೇಕಾದ ಅಮಿಗ್ಡಲಾ ಈ ಕಲಿಕೆಯಲ್ಲಿ ಪಾಲ್ಗೊಳ್ಳುವುದಿಲ್ಲ, ಅಷ್ಟೇ. ಕಾರಣ, ಒತ್ತಡದ ಹಾರ್ಮೋನಾದ ಕಾರ್ಟಿಕೋಸ್ಟೆರಾನ್ ಆಗ ತೀರಾ ಕಡಿಮೆ. ಅದನ್ನು ಚುಚ್ಚಿಕೊಟ್ಟರೆ ಎಳೆಮರಿಯೂ ಹೆದರಲು ಕಲಿಯುತ್ತದೆ. ಹತ್ತನೆಯ ದಿನದ ಸುಮಾರಿಗೆ, ಮರಿ ಗೂಡು ಬಿಟ್ಟು ನಡೆಯಲಾರಂಭಿಸುವ ಹೊತ್ತಿಗೆ, ಹಾರ್ಮೋನ್ ತಾನಾಗಿ ಏರುತ್ತದೆ. ಆದರೂ ಪಕ್ಕದಲ್ಲಿ ತಾಯಿ ಇದ್ದರೆ ಅದು ತಗ್ಗಿ ಆಕರ್ಷಣೆಯೇ ಮತ್ತೆ ಗೆಲ್ಲುತ್ತದೆಂದು ಮೋರಿಸೊ ಮತ್ತು ಸಲಿವನ್ 2006ರಲ್ಲಿ ತೋರಿಸಿದರು.

ಒಪಿಯಾಯ್ಡ್‌ಗಳ ಪಾತ್ರವೂ ಇದೆ: ಅವಕ್ಕೆ ಸ್ಪಂದಿಸುವ ಮ್ಯೂ ಗ್ರಾಹಕವಿಲ್ಲದ ಚಿಟ್ಟಿಲಿಮರಿಗಳು ತಾಯಿಯಿಂದ ಬೇರೆಯಾದಾಗ ಕೂಗುವುದು ಕಡಿಮೆಯೆಂದು 2004ರಲ್ಲಿ ವರದಿಯಾಯಿತು.

ಮಾನವ ಶಿಶುವಿಗೆ ಈ ದಿನಲೆಕ್ಕವನ್ನು ನೇರವಾಗಿ ಹೊಂದಿಸಲಾಗದು; ನಮ್ಮ ಅಮಿಗ್ಡಲಾ ಹುಟ್ಟುವಾಗಲೇ ಹೆಚ್ಚು ಬೆಳೆದಿರುತ್ತದೆ. ಆದರೂ ಸಾಮ್ಯಗಳಿವೆ. ಸಹಜ ಹೆರಿಗೆಯ ಹೊತ್ತಿನಲ್ಲಿ ಮಗುವಿನ ರಕ್ತದಲ್ಲಿ ನಾರ್‌ಅಡ್ರಿನಾಲಿನ್ ಉಕ್ಕುತ್ತದೆ. ವರೆಂಡಿ ತಂಡ 1994ರಲ್ಲಿ ತಾಯಿಯ ಒಂದು ಸ್ತನವನ್ನಷ್ಟೇ ತೊಳೆದು ನೋಡಿದಾಗ, 30 ನವಜಾತ ಶಿಶುಗಳಲ್ಲಿ 22 ತೊಳೆಯದ ಸ್ತನವನ್ನೇ ಆರಿಸಿಕೊಂಡವು. ಬಾಣಂತಿ ಕೋಣೆಯಲ್ಲಿ ಕೂಸನ್ನು ತಾಯಿಯ ಹಳೆ ಸೀರೆಯಲ್ಲಿ ಸುತ್ತುವ ನಮ್ಮ ಅಜ್ಜಿಯರು ಮೆತ್ತನೆಯ ಬಟ್ಟೆಯನ್ನಷ್ಟೇ ನೋಡುತ್ತಿದ್ದರೇನೋ. ಕೂಸಿಗಂತೂ ವಾಸನೆಯೂ ಸಿಗುತ್ತಿತ್ತು.

ಈ ಕಲಿಕೆ ಆರೈಕೆಯ ಗುಣವನ್ನು ತೂಗುವುದಿಲ್ಲ. ಗೂಡಿಗೆ ಸಾಕಷ್ಟು ಹಾಸು ಸಿಗದ ತಾಯಿಲಿ ಮರಿಗಳನ್ನು ತುಳಿಯುತ್ತದೆ, ಎಳೆದಾಡುತ್ತದೆ. ಮರಿಗಳು ಅದಕ್ಕೇ ಅಂಟಿಕೊಳ್ಳುತ್ತವೆ. ಬೆಲೆ ತೆರಬೇಕಾಗುವುದು ಮುಂದೆ. ಎಳವೆಯಲ್ಲಿ ವಾಸನೆಯೊಂದಿಗೆ ಆಘಾತ ಉಂಡ ಇಲಿಗಳು ಬೆಳೆದ ಮೇಲೆ ಈಜುಪರೀಕ್ಷೆಯಲ್ಲಿ ಈಜುವುದನ್ನು ಬಿಟ್ಟು ಖಿನ್ನತೆಯಂಥ ವರ್ತನೆ ತೋರುತ್ತವೆ. ನೀರಿಗಿಳಿಸುವಾಗ ಅದೇ ಹಳೆಯ ವಾಸನೆ ಒದಗಿಸಿದರೆ ಅವು ಮತ್ತೆ ಈಜತೊಡಗುತ್ತವೆ.