ಶಾರ್ಕ್ ಸಂರಕ್ಷಣೆ (ಭಾರತ)

ಕರಾವಳಿಯಲ್ಲಿ ತಾಟೆ ಎನಿಸಿಕೊಳ್ಳುವ ಶಾರ್ಕ್‌ಗಳಲ್ಲಿ ಬಹುಪಾಲು ನಿಧಾನವಾಗಿ ಬೆಳೆದು ಕೆಲವೇ ಮರಿ ಹಾಕುತ್ತವೆ. ಬಂಗುಡೆ, ಬೂತಾಯಿಗಳಂತೆ ಬೇಗ ಚೇತರಿಸಿಕೊಳ್ಳಲಾರವು. ಭಾರತ 2001ರಲ್ಲಿ ತಿಮಿಂಗಿಲ ಶಾರ್ಕನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿತು; 2013ರಲ್ಲಿ ರೆಕ್ಕೆ ಕತ್ತರಿಸಿ ಒಡಲನ್ನು ಕಡಲಿಗೆಸೆಯುವುದನ್ನು ತಡೆಯಿತು; 2015ರಲ್ಲಿ ರೆಕ್ಕೆಗಳ ರಫ್ತನ್ನೇ ನಿಷೇಧಿಸಿತು. ಆದರೆ ಇಲ್ಲಿ ಸಾಮಾನ್ಯವಾಗಿ ಇಡೀ ಮೀನೇ ದಡ ಸೇರುತ್ತದೆ, ಮಾಂಸಕ್ಕೆ ಊರಲ್ಲೇ ಗಿರಾಕಿಗಳಿದ್ದಾರೆ. ಎಷ್ಟೋ ಶಾರ್ಕ್‌ಗಳು ಬೇರೆ ಮೀನಿಗೆಂದು ಬಿಟ್ಟ ಬಲೆಗೇ ಬೀಳುತ್ತವೆ. ಹಾಗಾಗಿ ರಫ್ತು ನಿಷೇಧವೊಂದೇ ಸಾಲದು, ಮರಿಗಳು ಬೆಳೆಯುವ ತೀರಗಳಲ್ಲಿ ಬಲೆಗೂ ಮಿತಿ ಬೇಕು.

ಬಲೆಗೆ ಮಿತಿ ಹಾಕುವುದು ಮೀನುಗಾರರ ಹೊಟ್ಟೆಯ ಮೇಲೆ ಹೊಡೆದಂತೆ ಎಂಬ ಆಕ್ಷೇಪ ಹುಸಿಯಲ್ಲ. ಪರಿಹಾರ ಕೊಡುವುದು ಒಂದು ದಾರಿ: ಗುಜರಾತಿನಲ್ಲಿ ಬಲೆ ಕತ್ತರಿಸಿ ತಿಮಿಂಗಿಲ ಶಾರ್ಕನ್ನು ಬಿಟ್ಟವರಿಗೆ ಸರ್ಕಾರ ಬಲೆಯ ನಷ್ಟ ತುಂಬಿಕೊಡುತ್ತದೆ. ಆದರೆ ಸಣ್ಣ ಜಾತಿಗಳಿಗೆ ಈ ಉಪಾಯ ಒಗ್ಗದು: ಟ್ರಾಲ್ ಬಲೆಯ ರಾಶಿಯಲ್ಲಿ ಸತ್ತೇ ಮೇಲೆ ಬಂದ ಮರಿಯನ್ನು ಮರಳಿ ಬಿಟ್ಟರೇನು ಫಲ?