ಗುಪ್ತಪದ ನಡೆದುಬಂದ ದಾರಿ

ಹತ್ತನೆಯ ತರಗತಿಯ ಹುಡುಗಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿ ಏನಾಯಿತೆಂದು ನೋಡಲು ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಗೆ ಬಂದಿದ್ದಳು. ಪಾಸ್‌ವರ್ಡ್ ಕೇಳಿದೆ. "ಗೊತ್ತಿಲ್ಲ ಸರ್. ಅರ್ಜಿ ತುಂಬಿದ ಅಂಗಡಿಯ ಅಣ್ಣನೇ ಹಾಕಿದ್ದು. ನಮ್ಮೆಲ್ಲರದೂ ಒಂದೇ ಅಂತೆ" ಎಂದಳು. ಊರಿನ ಅಷ್ಟೂ ಮನೆಗಳಿಗೆ ಒಂದೇ ಬೀಗದಕೈ! ಈ ಬೀಗದಕೈಯ ಇತಿಹಾಸವನ್ನು ಮಕ್ಕಳಿಗೆ ಹೇಳಬೇಕೆಂದು ಅನಿಸಿದ್ದು ಅಂದೇ.

ಗುಟ್ಟಿನ ಮಾತು ಹೇಳಿ ಒಳಗೆ ಹೋಗುವ ಪದ್ಧತಿ ಬಹಳ ಹಳೆಯದು. ಕ್ರಿ.ಪೂ. 2ನೇ ಶತಮಾನದ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ರೋಮನ್ ಸೇನೆಯ ರೂಢಿಯನ್ನು ವಿವರಿಸಿದ್ದಾನೆ. ಪ್ರತಿ ಸಂಜೆ ಆ ರಾತ್ರಿಯ ಸಂಕೇತಪದವನ್ನು ಮರದ ಹಲಗೆಯ ಮೇಲೆ ಬರೆದು ತುಕಡಿಯಿಂದ ತುಕಡಿಗೆ ದಾಟಿಸುತ್ತಿದ್ದರು. ಕತ್ತಲಾಗುವ ಮೊದಲು ಹಲಗೆ ಅಧಿಕಾರಿಯ ಕೈಗೆ ಮರಳಬೇಕು. ಮರಳದಿದ್ದರೆ ಅದು ಎಲ್ಲಿ ನಿಂತಿತೆಂದು ಹುಡುಕಿ ತಪ್ಪಿತಸ್ಥನನ್ನು ಶಿಕ್ಷಿಸುತ್ತಿದ್ದರು.

ಕಂಪ್ಯೂಟರಿಗೆ ಗುಪ್ತಪದ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ. ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆಯನ್ನು ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಅಲ್ಲಿ ರೂಪಿಸಿದರು. ಒಬ್ಬರ ಕಡತ ಇನ್ನೊಬ್ಬರಿಗೆ ಸಿಗದಿರಲೆಂದು ಪ್ರತಿಯೊಬ್ಬರಿಗೂ ಒಂದು ಗುಪ್ತಪದ ಕೊಟ್ಟರು. 1962ರಲ್ಲೇ ಕಳವೂ ನಡೆಯಿತು. ತನಗೆ ಕೊಟ್ಟ ಯಂತ್ರದ ಸಮಯ ಸಾಲದೆ, ಸಂಶೋಧನಾ ವಿದ್ಯಾರ್ಥಿ ಅಲನ್ ಶೆರ್ ಎಲ್ಲರ ಗುಪ್ತಪದಗಳ ಪಟ್ಟಿಯನ್ನೇ ಮುದ್ರಿಸಿಕೊಂಡ!

ಮನುಷ್ಯನ ಸ್ವಭಾವ ಕಳ್ಳನಿಗಿಂತ ದೊಡ್ಡ ತೊಂದರೆ. 1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಮ್ಸನ್ ಪರೀಕ್ಷಿಸಿದ 3,289 ಗುಪ್ತಪದಗಳಲ್ಲಿ 2,831, ಅಂದರೆ ಶೇ. 86ರಷ್ಟು, ತೀರ ಚಿಕ್ಕವು ಅಥವಾ ನಿಘಂಟಿನಲ್ಲೇ ಸಿಗುವಂಥವು.

ಇದಕ್ಕೆ ಸರಳ ಉಪಾಯ ಹೇಳಿದವರು ಆರ್ನಾಲ್ಡ್ ರೈನ್‌ಹೋಲ್ಡ್, 1995ರಲ್ಲಿ. ದಾಳವನ್ನು ಐದು ಸಲ ಉರುಳಿಸಿದರೆ 7,776 ಪದಗಳ ಪಟ್ಟಿಯಿಂದ ಒಂದು ಪದ ಸಿಗುತ್ತದೆ. ಎರಡು ಪದಗಳಾದರೆ 6 ಕೋಟಿಗೂ ಹೆಚ್ಚು ಜೋಡಣೆಗಳು, ಮೂರಾದರೆ 47 ಸಾವಿರ ಕೋಟಿ. ಆರು ಪದಗಳಿಗೆ ಹೋದರೆ ಲೆಕ್ಕ ನಮ್ಮ ಊಹೆಗೆ ನಿಲುಕದು. 'ನೇಗಿಲು ಗಡಿಯಾರ ಹುಣಸೆ ಕೊಡೆ ಮೋಡ ಏಣಿ' ಎಂಬಂಥ ಸಾಲು ಮನಸ್ಸಿನಲ್ಲಿ ಚಿತ್ರವಾಗಿ ನಿಲ್ಲುತ್ತದೆ. ಆದರೆ ಪದಗಳನ್ನು ದಾಳವೇ ಆರಿಸಬೇಕು. ಗಾದೆ, ಹಾಡಿನ ಸಾಲು, ಮಕ್ಕಳ ಹೆಸರು ಬೇಡ. ಅವು ಊರಿಗೆಲ್ಲ ಗೊತ್ತು.

ಅಕ್ಷರ, ಅಂಕಿ, ಚಿಹ್ನೆಗಳನ್ನು ಬೆರೆಸಿ ಪದೇ ಪದೇ ಬದಲಿಸಬೇಕೆಂಬ ಸಲಹೆ 2003ರಿಂದ ಎಲ್ಲೆಡೆ ಹರಡಿತ್ತು. ಅದನ್ನು ಬರೆದ ಅಮೆರಿಕದ ಅಧಿಕಾರಿ ಬಿಲ್ ಬರ್ 2017ರಲ್ಲಿ ಆ ಬಗ್ಗೆ ವಿಷಾದಿಸಿದರು. ಅದೇ ವರ್ಷ ಅವರ ಸಂಸ್ಥೆ ನಿಯಮ ತಿದ್ದಿ, ಉದ್ದಕ್ಕೆ ಹೆಚ್ಚು ಬೆಲೆ ಕೊಟ್ಟಿತು.

ಆ ಹುಡುಗಿ ಹಾವು-ಏಣಿ ಆಟದ ದಾಳ ತಂದಳು. ಓಟಿಪಿ ಪಡೆದು ಹಳೆಯ ಪಾಸ್‌ವರ್ಡ್ ಅಳಿಸಿದೆವು. ಅವಳು ಹೊಸ ಪದಗಳನ್ನು ಒತ್ತುವಾಗ ನಾನು ಬೆನ್ನು ತಿರುಗಿಸಿ ನಿಂತೆ. ಮೇಷ್ಟ್ರಿಗೂ ತಿಳಿಯಬಾರದ ಪಾಠ ಅದೊಂದೇ.